ಸಂಘದ ಪಾಸ್‌ವರ್ಡ್ ಯಾರ ಕೈಯಲ್ಲಿದೆ?

ಶಿರೂರು, ಕಮತಗಿ, ಅಮೀನಗಡ, ಇಳಕಲ್ಲ, ಗುಳೇದಗುಡ್ಡದ ಸಹಕಾರ ಸಂಘಗಳ ಸದಸ್ಯರೇ, ಈ ಮಾತು ನಿಮಗೇ. ಉಳ್ಳಾಗಡ್ಡಿ ಮಾರಿ ಬಂದ ರೊಕ್ಕ, ಮಗ್ಗದ ಕುಣಿಯಲ್ಲಿ ಕೂತು ಗಳಿಸಿದ ಮಜೂರಿ, ಮಗಳ ಮದುವೆಗೆಂದು ಇಟ್ಟ ಠೇವಣಿ, ಸ್ವಸಹಾಯ ಗುಂಪಿನ ಹೆಣ್ಣುಮಕ್ಕಳು ವಾರವಾರ ಕೂಡಿಟ್ಟ ಉಳಿತಾಯ, ಇವೆಲ್ಲದರ ಲೆಕ್ಕ ಈಗ ಕಂಪ್ಯೂಟರಿನ ತಂತ್ರಾಂಶದೊಳಗಿದೆ. ಬಾಗಿಲು ತೆರೆಯುವ ಮುನ್ನ ಆ ತಂತ್ರಾಂಶ ಕೇಳುವುದು ಒಂದೇ ಪ್ರಶ್ನೆ: ನೀನು ಯಾರು? ಅದಕ್ಕೆ ಸುಳ್ಳು ಉತ್ತರ ಕೊಟ್ಟರೂ ನಡೆದುಹೋಗುತ್ತದೆ ಎಂದಾದರೆ ಆಮೇಲಿನ ಠರಾವು, ಮೊಹರು, ಆಡಿಟ್ ಯಾವುದಕ್ಕೂ ಅರ್ಥವಿಲ್ಲ.

ನಮ್ಮ ಎಷ್ಟೋ ಕಚೇರಿಗಳಲ್ಲಿ ಆ ಸುಳ್ಳು ದಿನವೂ ನಡೆದಿದೆ. ಪಾಸ್‌ವರ್ಡ್ ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿಯಲ್ಲಿರುತ್ತದೆ. ರೊಕ್ಕದ ಲೆಕ್ಕ ತುಂಬುವವನೇ ಕಾರ್ಯದರ್ಶಿಯ ಹೆಸರಿನಲ್ಲಿ ಒಳಹೊಕ್ಕು ಮಂಜೂರಿಯನ್ನೂ ಕೊಡುತ್ತಾನೆ. ಕೆಲಸ ಬಿಟ್ಟುಹೋದ ಗುಮಾಸ್ತನ ಲಾಗಿನ್ ವರ್ಷ ಕಳೆದರೂ ಜೀವಂತವಾಗಿರುತ್ತದೆ. ಕೇಳಿದರೆ, "ಸಾಹೇಬ್ರು ಮೀಟಿಂಗಿಗೆ ಹೋಗ್ಯಾರ್ರಿ, ಕೆಲಸ ನಿಲ್ಲಬಾರದಲ್ರಿ" ಎಂಬ ಉತ್ತರ ಸಿದ್ಧ.

ಗ್ರಾಮ ಪಂಚಾಯಿತಿಯ ಸಂಗತಿ ಇನ್ನೂ ನೋಯಿಸುವಂಥದ್ದು. ಕೇಂದ್ರ ಹಣಕಾಸು ಆಯೋಗದ ಅನುದಾನದಲ್ಲಿ ಏನು ಮಾಡಬೇಕೆಂಬ ಯೋಜನೆಯೂ ಅದರ ಪಾವತಿಯೂ ಇ-ಗ್ರಾಮಸ್ವರಾಜ್ ತಂತ್ರಾಂಶದಲ್ಲೇ ಆಗಬೇಕು. ಹಣ ಹೊರಡಲು ಇಬ್ಬರ ಡಿಜಿಟಲ್ ಸಹಿ ಬೇಕು. ಒಬ್ಬರು ತಪ್ಪಿದರೆ ಇನ್ನೊಬ್ಬರು ತಡೆಯಲಿ ಎಂಬುದೇ ಈ ಏರ್ಪಾಡಿನ ಉದ್ದೇಶ. ಆದರೆ ಆ ಸಹಿಗಳಿರುವ ಎರಡೂ ಡಾಂಗಲ್ ಒಂದೇ ಡ್ರಾದಲ್ಲಿ ಬಿದ್ದಿದ್ದರೆ ಯಾರು ಯಾರನ್ನು ತಡೆಯಬೇಕು? ನಮ್ಮ ರಾಜ್ಯದಲ್ಲಿ ಪಂಚಾಯಿತಿಯ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಹಾಗೆ ಗೆದ್ದು ಅಧ್ಯಕ್ಷೆಯಾದವಳ ಡಾಂಗಲ್ ಗಂಡನ ಕಿಸೆಯಲ್ಲೋ ಗುತ್ತಿಗೆದಾರನ ಬಳಿಯೋ ಇರುವುದನ್ನು ಊರೆಲ್ಲ ಬಲ್ಲದು. ಬಲ್ಲದ್ದನ್ನು ಯಾರೂ ಆಡುವುದಿಲ್ಲ. ನಾಳೆ ಬೋಗಸ್ ಬಿಲ್ ಹೊರಬಿದ್ದರೆ ದಾಖಲೆಯಲ್ಲಿ ಇರುವುದು ಅವಳ ಸಹಿ, ವಿಚಾರಣೆಗೆ ನಿಲ್ಲಬೇಕಾದವಳೂ ಅವಳೇ. ತಾಯಿ, ಆ ಡಾಂಗಲ್ ಇವತ್ತೇ ಇಸಿದುಕೋ. ಪಿನ್ ಬದಲಿಸು. ಕಾನೂನು ನಿನ್ನ ಬೆನ್ನಿಗಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಕಲಂ ಪ್ರಕಾರ ಡಿಜಿಟಲ್ ಸಹಿಯ ಗುಪ್ತಕೀಲಿಯನ್ನು ತನ್ನ ಹತೋಟಿಯಲ್ಲಿ ಇಟ್ಟುಕೊಳ್ಳುವುದು ಸಹಿದಾರರ ಹೊಣೆ. ಮತ್ತೊಬ್ಬರ ಸಹಿಯನ್ನೋ ಪಾಸ್‌ವರ್ಡನ್ನೋ ಮೋಸದಿಂದ ಬಳಸಿದವರಿಗೆ 66ಸಿ ಕಲಂ 3 ವರ್ಷದವರೆಗೆ ಜೈಲು ಹೇಳುತ್ತದೆ.

ತಪ್ಪೆಲ್ಲ ಕುರ್ಚಿಯಲ್ಲಿ ಕೂತವರದೇ ಅಲ್ಲ. ತಂತ್ರಾಂಶ ಮಾಡಿ ಮಾರುವವರ ಹೊಣೆಯೂ ಅಷ್ಟೇ ದೊಡ್ಡದು. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳು ಬಜೆಟ್ಟು, ಖರೀದಿ, ಪಗಾರ ಎಲ್ಲವನ್ನೂ ನಂಬಿ ಒಪ್ಪಿಸಿರುವುದು ಜರ್ಮನಿಯ ಎಸ್‌ಎಪಿ ಕಂಪನಿಯ ತಂತ್ರಾಂಶಗಳಿಗೆ. 2020ರ ಜುಲೈನಲ್ಲಿ ಅದರ ನೆಟ್‌ವೀವರ್ ಎಂಬ ತಂತ್ರಾಂಶದಲ್ಲಿ ಒಂದು ದೋಷ ಬಯಲಾಯಿತು. ಒಳಗಿನ ಒಂದು ಭಾಗ ಬಂದವರನ್ನು ಯಾರೆಂದು ಕೇಳುತ್ತಲೇ ಇರಲಿಲ್ಲ. ಪಾಸ್‌ವರ್ಡ್ ಗೊತ್ತಿಲ್ಲದ ಅಪರಿಚಿತನೂ ಅಂತರ್ಜಾಲದಿಂದಲೇ ನುಗ್ಗಿ ತನಗೆ ತಾನೇ ಸರ್ವಾಧಿಕಾರದ ಖಾತೆ ಮಾಡಿಕೊಳ್ಳಬಹುದಿತ್ತು. ಅಪಾಯದ ಅಳತೆಯಲ್ಲಿ ಅದಕ್ಕೆ ಸಿಕ್ಕಿದ್ದು 10ಕ್ಕೆ 10. ಕಂಪನಿ ತಿದ್ದುಪಡಿಯನ್ನು ಬಿಡುಗಡೆ ಮಾಡಿತು, ಅಮೆರಿಕದ ಸರ್ಕಾರ ತಕ್ಷಣ ಹಾಕಿಕೊಳ್ಳಿರೆಂದು ಎಚ್ಚರಿಸಿತು. ಅಂಥ ಕಂಪನಿಯಲ್ಲೇ ಹೀಗಾಗುವುದಾದರೆ, ಸಂಘಕ್ಕೆ ಅಗ್ಗದಲ್ಲಿ ತಂತ್ರಾಂಶ ಹಾಕಿಕೊಟ್ಟು ಮತ್ತೆ ತಿರುಗಿ ನೋಡದವರನ್ನು ನಾವು ಏನೂ ಕೇಳದೆ ಬಿಡುವುದು ಹೇಗೆ?

"ನಮ್ಮಂಥ ಸಣ್ಣ ಸಂಘದ ಮ್ಯಾಲೆ ಯಾರ್ ಕಣ್ಣ ಹಾಕ್ತಾರ್ರಿ?" ಎನ್ನುವವರಿದ್ದಾರೆ. 2024ರ ಜುಲೈ ಕೊನೆಗೆ ಸಣ್ಣ ಬ್ಯಾಂಕುಗಳಿಗೆ ತಂತ್ರಾಂಶ ಒದಗಿಸುವ ಸಿ-ಎಡ್ಜ್ ಎಂಬ ಕಂಪನಿಯ ಮೇಲೆ, ಕಂಪ್ಯೂಟರಿಗೆ ಬೀಗ ಜಡಿದು ಹಣ ಕೇಳುವ ರಾನ್ಸಮ್‌ವೇರ್ ದಾಳಿ ಬಿದ್ದಾಗ ಪಾವತಿ ಜಾಲದಿಂದ ಕಡಿದುಹೋದದ್ದು ಸುಮಾರು 300 ಸಣ್ಣ ಬ್ಯಾಂಕುಗಳು. ಹೆಚ್ಚಿನವು ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳೇ. ಅದಕ್ಕೂ ಮುಂಚೆ, 2018ರ ಆಗಸ್ಟಿನಲ್ಲಿ, ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನಿಂದ ಎರಡೇ ದಿನದ ವಹಿವಾಟಿನಲ್ಲಿ 94 ಕೋಟಿ ರೂಪಾಯಿ ಹೋಯಿತು. ನಮ್ಮ ಸರ್ಕಾರವೂ ಪಾರಾಗಲಿಲ್ಲ: 2019ರಲ್ಲಿ ಕರ್ನಾಟಕದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ಗೆ ಕನ್ನ ಬಿದ್ದು, ಗುತ್ತಿಗೆದಾರರು ಟೆಂಡರಿಗೆಂದು ಇಟ್ಟ ಠೇವಣಿಯಿಂದ ಸುಮಾರು 11.5 ಕೋಟಿ ರೂಪಾಯಿ ಬೇರೆಯವರ ಖಾತೆಗೆ ಹರಿಯಿತು.

ಇದೇ ರಾಜ್ಯ 2000ದ ಹೊತ್ತಿಗೇ ಭೂಮಿ ಯೋಜನೆಯಲ್ಲಿ ಪಹಣಿಯ ದಾಖಲೆ ತಿದ್ದುವ ಸಿಬ್ಬಂದಿಗೆ ಬೆರಳಚ್ಚಿನ ಲಾಗಿನ್ ತಂದಿತ್ತು. ಬರೀ ಪಾಸ್‌ವರ್ಡ್ ಸಾಲದೆಂಬ ತಿಳಿವಳಿಕೆ ನಮಗೆ ಹೊಸದೇನಲ್ಲ. ಹೊಲಕ್ಕೆ ಬೇಕೆನಿಸಿದ ಕಾವಲು ಠೇವಣಿಗೆ ಬೇಡವೇ?

ಇಲ್ಲಿಂದ ದೂರವಿಲ್ಲದ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಸಾಲದ ಸಹಕಾರ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿ ತನ್ನ ಮೊದಲ ಹೆಜ್ಜೆಯೆಂದು ನೆನೆಯುವುದು ಅದನ್ನೇ. ಆಗ ಊರಿನ ಸಂಘದಲ್ಲಿ ಸಾಲ ಕೇಳುವವನೂ ಕೊಡುವವರೂ ಒಂದೇ ಊರಿನವರು, ಮುಖ ನೋಡಿದರೆ ಸಾಕಿತ್ತು. ಕಂಪ್ಯೂಟರ್ ಮುಖ ನೋಡುವುದಿಲ್ಲ. 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ತಂತ್ರಾಂಶಕ್ಕೆ ತರಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯ ಕೆಲಸ, ಲೆಕ್ಕ ಬೇಗ ಸಿಗುತ್ತದೆ, ತಿದ್ದುವವರ ಕೈ ಕಟ್ಟುತ್ತದೆ. ಆದರೆ ಎಲ್ಲರದೂ ಒಂದೇ ಬಾಗಿಲಾದ ಮೇಲೆ ಅದರ ಬಿರುಕೂ ಎಲ್ಲರದಾಗುತ್ತದೆ.

ಇನ್ನೊಂದು ಸತ್ಯವನ್ನು ಠೇವಣಿದಾರರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಬ್ಯಾಂಕು ಮುಳುಗಿದರೆ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇದೆ. ಪತ್ತಿನ ಸಹಕಾರ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಅಲ್ಲಿ ಹೋದ ರೊಕ್ಕವನ್ನು ಯಾವ ನಿಗಮವೂ ತುಂಬಿಕೊಡುವುದಿಲ್ಲ. ಕಣ್ಣು ಕಾಣದ ಮುದುಕಿಯೊಬ್ಬಳ ಇಡೀ ಬಾಳಿನ ಗಳಿಕೆಗೆ ಇರುವ ಕಾವಲು ಆ ಪಾಸ್‌ವರ್ಡ್ ಒಂದೇ.

ಕಾರ್ಯದರ್ಶಿಗಳೇ, ಪಿಡಿಒಗಳೇ, ನಿಮ್ಮ ಲಾಗಿನ್ ಅನ್ನು ಅಣ್ಣ ತಮ್ಮ ಕೇಳಿದರೂ ಕೊಡಬೇಡಿ. ಕೆಲಸ ಒಂದು ದಿನ ತಡವಾದರೆ ಆಗಲಿ. ತಂತ್ರಾಂಶ ಮಾರುವವರೇ, ಎಲ್ಲ ಸಂಘಕ್ಕೂ ಒಂದೇ ಪಾಸ್‌ವರ್ಡ್ ಇಟ್ಟು ಕೊಡುವುದನ್ನು ನಿಲ್ಲಿಸಿ. ದೋಷ ಗೊತ್ತಾದ ದಿನವೇ ತಿದ್ದಿ, ಗೊತ್ತಾದದ್ದನ್ನು ಮುಚ್ಚಿಡಬೇಡಿ. ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕೆಂಬ ಆದೇಶ 2022ರಿಂದಲೇ ಇದೆ. ರೊಕ್ಕ ಹೋದದ್ದು ಕಂಡ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ; ಮರ್ಯಾದೆಗೆ ಅಂಜಿ ಆಡಳಿತ ಮಂಡಳಿಯ ಸಭೆಯವರೆಗೆ ಕಾಯಬೇಡಿ.

ಸದಸ್ಯರೇ, ಸೆಪ್ಟೆಂಬರಿನಲ್ಲಿ ವಾರ್ಷಿಕ ಸಭೆ ಕರೆಯುತ್ತಾರೆ. ಊಟ ಮಾಡಿ ಸಹಿ ಹಾಕಿ ಎದ್ದು ಬರಬೇಡಿ. ಎಷ್ಟು ಜನರಿಗೆ ಲಾಗಿನ್ ಇದೆ, ಬಿಟ್ಟುಹೋದವರದು ಮುಚ್ಚಿದೆಯೇ, ಲೆಕ್ಕ ತುಂಬುವವರೂ ಮಂಜೂರು ಮಾಡುವವರೂ ಬೇರೆ ಬೇರೆಯೇ, ಒಟಿಪಿ ಇದೆಯೇ, ತಂತ್ರಾಂಶವನ್ನು ಕೊನೆಗೆ ನವೀಕರಿಸಿದ್ದು ಯಾವಾಗ ಎಂದು ಎದ್ದು ನಿಂತು ಕೇಳಿ. ಕೊಟ್ಟ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ಕೆಳಗೆ ನಿಮ್ಮ ಸಹಿ ಹಾಕಿ.