ಮಾತ್ರೆ ತಪ್ಪಿಸಿದ್ದು ಯಾರು?

ಎಆರ್‌ಟಿ ಸೆಂಟರಿನಲ್ಲಿ ನಮ್ಮ ಕೇರಿಯ ಅಕ್ಕ ಒಬ್ಬರಿಗೆ ಬೈದದ್ದು ಇನ್ನೂ ಕಿವಿಯಲ್ಲಿದೆ: "ನೆಟ್ಟಗೆ ಮಾತ್ರೆ ನುಂಗಲ್ಲ, ಆಮೇಲೆ ಔಷಧಿ ಕೆಲಸ ಮಾಡಲ್ಲ ಅಂತ ಬರ್ತೀರಿ."

ಇದು ಅರ್ಧ ಸತ್ಯ. ಎಚ್‌ಐವಿ ತನ್ನನ್ನು ತಾನೇ ನಕಲು ಮಾಡುವಾಗ ತಪ್ಪು ಮಾಡ್ತಾನೇ ಇರುತ್ತೆ, ತಿದ್ದಿಕೊಳ್ಳಲ್ಲ. ಹಾಗಾಗಿ ಒಂದೇ ಮೈಯಲ್ಲಿ ಅದಕ್ಕೆ ನೂರಾರು ರೂಪ. ರಕ್ತದಲ್ಲಿ ಔಷಧಿ ಕಡಿಮೆಯಾದರೆ, ಔಷಧಿಗೆ ಬಗ್ಗದ ರೂಪಗಳು ಬೆಳೆದುಬಿಡ್ತವೆ. ಸರಿ, ಔಷಧಿ ಕಡಿಮೆಯಾಗೋದು ಯಾಕೆ? ಮಾತ್ರೆ ತರೋಕೆ ಹೋದರೆ ಒಂದು ದಿನದ ಕೂಲಿ ಹೋಯ್ತು. ಕಬ್ಬು ಕಡಿಯೋಕೆ ಗುಳೆ ಹೋದ ಊರಲ್ಲಿ ಡಬ್ಬಿ ಎಲ್ಲಿ ಬಚ್ಚಿಡೋದು? 2022ರಲ್ಲಿ ದೆಹಲಿಯ ನ್ಯಾಕೋ ಕಚೇರಿಯಲ್ಲಿ, ಮಾತ್ರೆ ಸ್ಟಾಕ್ ಇಲ್ಲ ಅಂತ ಎಚ್‌ಐವಿ ಜೊತೆ ಬದುಕುವವರು ತಿಂಗಳಿಗೂ ಹೆಚ್ಚು ಧರಣಿ ಕೂತರಲ್ಲ, ಅವರೇನು ಮರೆತು ಮಾತ್ರೆ ಬಿಟ್ಟವರಾ?

ಇನ್ನೊಂದು ಮಾತು. ಭಾರತದಲ್ಲಿ ಇರೋದು ಬಹುತೇಕ ಸಿ ಉಪಪ್ರಕಾರದ ವೈರಸ್. ದಕ್ಷಿಣ ಆಫ್ರಿಕಾದಲ್ಲೂ ಅದೇ. ಜಗತ್ತಿನ ಸೋಂಕಿತರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಲ್ಲಿ ಇದೇ ಇದೆ. ಆದರೆ ಔಷಧ ನಿರೋಧಕತೆಯ ಸಂಶೋಧನೆ ಮೊದಮೊದಲು ಬಹುಪಾಲು ನಡೆದದ್ದು ಅಮೆರಿಕ, ಯುರೋಪಿನ ಬಿ ಮೇಲೆ. (ಈಗ ಕೊಡುವ ಡೊಲುಟೆಗ್ರಾವಿರ್ ಎರಡರ ಮೇಲೂ ಚೆನ್ನಾಗಿ ಕೆಲಸ ಮಾಡುತ್ತೆ. ಹೆದರಿ ಯಾರೂ ಮಾತ್ರೆ ಬಿಡಬೇಡಿ.) ನಮ್ಮ ಮೈಯೊಳಗಿನ ವೈರಸ್ ಹೇಗೆ ಬದಲಾಗಿದೆ ಅಂತ ತೋರಿಸೋ ಜೀನ್ ಪರೀಕ್ಷೆ ಪ್ರತಿ ಎಆರ್‌ಟಿ ಸೆಂಟರಲ್ಲಿ ಸಿಗಲ್ಲ.

ಸರಿಯಾಗಿ ಮಾತ್ರೆ ತಗೊಂಡೂ ವೈರಲ್ ಲೋಡ್ ಇಳಿದಿಲ್ವಾ? ಅಕ್ಕನಿಗೆ ಬೈಬೇಡಿ. ಆ ಪರೀಕ್ಷೆ ಬರೆದುಕೊಡಿ, ಪುಕ್ಕಟೆ ಮಾಡಿಸಿ.