ಜೀವದ ಅರಸುವಿಕೆ, ಮಾತಿನ ಸಂಯಮ

ಕಂಡದ್ದಕ್ಕಿಂತ ಹೆಚ್ಚು ನುಡಿಯುವುದೂ ಕಾಣದ್ದನ್ನು ಕಂಡಂತೆ ನುಡಿಯುವುದೂ ಸತ್ಯಾಣುವ್ರತಕ್ಕೆ ಕುಂದು ತರುತ್ತವೆ. ಸುಳ್ಳಾಡಬೇಕೆಂಬ ಉದ್ದೇಶವೇ ಇಲ್ಲದವರೂ ಈ ದೋಷಕ್ಕೆ ಒಳಗಾಗುತ್ತಾರೆ. ಆದುದರಿಂದಲೇ ಜೈನಾಚಾರ್ಯರು ಅಸತ್ಯದ ಬೇರನ್ನು ಪ್ರಮಾದದಲ್ಲಿ, ಎಂದರೆ ಎಚ್ಚರ ತಪ್ಪಿದ ಮನಸ್ಸಿನಲ್ಲಿ ಗುರುತಿಸಿದರು. ಭೂಮಿಯಾಚೆಗೆ ಜೀವವಿದೆಯೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ಲೋಕದ ನಾಲಿಗೆ ಈ ಎಚ್ಚರವನ್ನು ಕಳೆದುಕೊಳ್ಳುವುದು ಕಂಡುಬರುತ್ತದೆ.

2010ರ ನವೆಂಬರ್ 29ರಂದು ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಒಂದು ಸೂಚನೆ ಹೊರಡಿಸಿತು. ಭೂಮಿಯಾಚೆಯ ಜೀವದ ಹುಡುಕಾಟದ ಮೇಲೆ ಪರಿಣಾಮ ಬೀರುವ ಶೋಧವೊಂದನ್ನು ಡಿಸೆಂಬರ್ 2ರ ಪತ್ರಿಕಾಗೋಷ್ಠಿಯಲ್ಲಿ ತಿಳಿಸಲಾಗುವುದು ಎಂಬುದಷ್ಟೇ ಅದರ ಸಾರ. ನಡುವೆ ಉಳಿದದ್ದು ಮೂರು ದಿನ. ಆ ಮೂರು ದಿನಗಳಲ್ಲಿ ಊಹೆಗೆ ರೆಕ್ಕೆ ಮೂಡಿತು. ಶನಿಗ್ರಹದ ಉಪಗ್ರಹವಾದ ಟೈಟನ್‌ನಲ್ಲಿ ಜೀವ ಸಿಕ್ಕಿತಂತೆ ಎಂಬ ಸುದ್ದಿ ದೇಶದೇಶಗಳನ್ನು ಸುತ್ತಿತು. ಗೋಷ್ಠಿ ನಡೆದಾಗ ತಿಳಿದದ್ದು ಬೇರೆಯೇ ಸಂಗತಿ. ಕ್ಯಾಲಿಫೋರ್ನಿಯದ ಮೋನೋ ಎಂಬ ಉಪ್ಪು ಸರೋವರದ ಒಂದು ಸೂಕ್ಷ್ಮಾಣು ರಂಜಕದ ಬದಲು ಆರ್ಸೆನಿಕ್ ಎಂಬ ವಿಷದ್ರವ್ಯವನ್ನು ಬಳಸಿ ಬೆಳೆಯಬಲ್ಲುದು ಎಂಬುದು ವಿಜ್ಞಾನಿಗಳ ಹೇಳಿಕೆಯಾಗಿತ್ತು. ಅರಸಿದ್ದು ಆಕಾಶದಲ್ಲಿ, ದೊರೆತದ್ದು ಭೂಮಿಯ ಕೆಸರಿನಲ್ಲಿ.

ಆ ಹೇಳಿಕೆಯೂ ನಿಲ್ಲಲಿಲ್ಲ. ಆ ಸೂಕ್ಷ್ಮಾಣುವು ಆರ್ಸೆನಿಕ್ಕನ್ನು ಸಹಿಸಬಲ್ಲುದೇ ಹೊರತು ರಂಜಕವಿಲ್ಲದೆ ಬೆಳೆಯಲಾರದು ಎಂದು 2012ರಲ್ಲಿ ಎರಡು ಸಂಶೋಧನ ಲೇಖನಗಳು ತೋರಿಸಿದವು. ಮೂಲ ಲೇಖನವನ್ನು ಪ್ರಕಟಿಸಿದ್ದ ‘ಸೈನ್ಸ್’ ಪತ್ರಿಕೆ 2025ರ ಜುಲೈ ತಿಂಗಳಲ್ಲಿ ಅದನ್ನು ಹಿಂತೆಗೆದುಕೊಂಡಿತು. ಲೇಖಕರ ಮೇಲೆ ವಂಚನೆಯ ಆರೋಪವನ್ನೇನೂ ಅದು ಹೊರಿಸಲಿಲ್ಲ. ಪ್ರಯೋಗಗಳು ಮುಖ್ಯ ನಿರ್ಣಯವನ್ನು ಸಮರ್ಥಿಸುವುದಿಲ್ಲ ಎಂದಷ್ಟೇ ಹೇಳಿತು. ಲೇಖಕರು ಅದನ್ನು ಒಪ್ಪಲಿಲ್ಲ. ಮೂರು ದಿನದ ಊಹಾಪೋಹಕ್ಕೆ ಸಿಕ್ಕ ಶ್ರೋತೃಗಳಲ್ಲಿ ಎಷ್ಟು ಮಂದಿಗೆ ಹದಿನೈದು ವರ್ಷಗಳ ಈ ಪರಿಶೀಲನೆ ತಲುಪಿದ್ದೀತು? ವದಂತಿ ಓಡುತ್ತದೆ, ವಿಚಾರ ನಡೆಯುತ್ತದೆ.

ಅದೇ 2025ರ ಏಪ್ರಿಲ್‌ನಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ನಿಕ್ಕು ಮಧುಸೂದನ್ ಅವರ ತಂಡವು 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಎಂಬ ಗ್ರಹದ ವಾಯುಮಂಡಲದಲ್ಲಿ, ಭೂಮಿಯ ಮೇಲೆ ಸಾಗರದ ಸೂಕ್ಷ್ಮಜೀವಿಗಳು ಉಂಟುಮಾಡುವ ಅನಿಲವೊಂದರ ಸುಳಿವು ಕಂಡಿದೆ ಎಂದಿತು. ಆ ಸುಳಿವಿನ ಬಲ ‘ಮೂರು ಸಿಗ್ಮಾ’ ಮಾತ್ರ. ಶೋಧವೆಂದು ಒಪ್ಪಲು ವಿಜ್ಞಾನ ಕೇಳುವುದು ‘ಐದು ಸಿಗ್ಮಾ’. ಇನ್ನಷ್ಟು ವೀಕ್ಷಣೆ ಬೇಕೆಂದು ತಂಡವೇ ಹೇಳಿತ್ತು. ಅದೇ ದತ್ತಾಂಶವನ್ನು ಮರಳಿ ಪರಿಶೀಲಿಸಿದ ಬೇರೆ ವಿಜ್ಞಾನಿಗಳು ಸುಳಿವು ಅಷ್ಟೂ ಗಟ್ಟಿಯಲ್ಲ ಎಂದರು. ಆದರೆ ಜನರ ಬಾಯಲ್ಲಿ ‘ಸುಳಿವು’ ಎಂಬುದು ಅಷ್ಟರಲ್ಲೇ ‘ಸಾಕ್ಷಿ’ಯಾಗಿ, ‘ಸಾಕ್ಷಿ’ಯು ‘ಜೀವ’ವಾಗಿ ಮಾರ್ಪಟ್ಟಿತ್ತು.

ಇಲ್ಲಿ ಕಳೆದುಹೋದದ್ದು ಒಂದು ಚಿಕ್ಕ ಪದ: ಸ್ಯಾತ್. ಸ್ಯಾದ್ವಾದವನ್ನು ಸಂಶಯವಾದವೆಂದು ತಿಳಿಯುವುದುಂಟು, ಅದು ಸರಿಯಲ್ಲ. ಸ್ಯಾತ್ ಎಂದರೆ ‘ಇದ್ದರೂ ಇರಬಹುದು’ ಎಂಬ ಅಳುಕಲ್ಲ. ‘ಈ ಅಪೇಕ್ಷೆಯಿಂದ, ಈ ಮಿತಿಯೊಳಗೆ ಇದು ಹೀಗಿದೆ’ ಎಂಬ ಖಚಿತವಾದ ನುಡಿ ಅದು. ಇಷ್ಟು ಅಳತೆಯಲ್ಲಿ ಇಷ್ಟು ಬಲದ ಸುಳಿವು ಕಂಡಿದೆ ಎನ್ನುವ ವಿಜ್ಞಾನಿಯ ಮಾತು ಒಂದು ನಯ. ಆ ಮಿತಿಯನ್ನು ಕಿತ್ತೊಗೆದು ‘ಜೀವ ಸಿಕ್ಕಿತು’ ಎನ್ನುವುದು ದುರ್ನಯ. ‘ಎಲ್ಲವೂ ಬರಿಯ ಸುಳ್ಳು’ ಎಂದು ತಳ್ಳಿಹಾಕುವುದೂ ಅಷ್ಟೇ ದುರ್ನಯ. ನಯ ಮತ್ತು ದುರ್ನಯಗಳ ನಡುವಿನ ಅಂತರ ಹೇಳಿದ ಸಂಗತಿಯಲ್ಲಿಲ್ಲ, ಹೇಳದೆ ಬಿಟ್ಟ ಮಿತಿಯಲ್ಲಿದೆ.

ಧರ್ಮಶ್ರದ್ಧೆಯುಳ್ಳವರಿಗೆ ಇನ್ನೊಂದು ಪ್ರಲೋಭನೆಯೂ ಎದುರಾಗುತ್ತದೆ. ಲೋಕವೆಲ್ಲ ಸೂಕ್ಷ್ಮ ಏಕೇಂದ್ರಿಯ ಜೀವಗಳಿಂದ ತುಂಬಿದೆ ಎಂದು ಆಗಮ ಹೇಳುತ್ತದೆ. ಹಾಗಾದರೆ ವಿಜ್ಞಾನ ಈಗ ಕಂಡದ್ದು ಆಗಮ ಅಂದೇ ಹೇಳಿದ್ದು ಎಂಬ ಉತ್ಸಾಹ ಅದು. ಈ ಉತ್ಸಾಹದಲ್ಲಿ ಭಕ್ತಿಗಿಂತ ಮಾನಕಷಾಯದ ಪಾಲು ಹೆಚ್ಚು. ಆಗಮದ ಜೀವಕ್ಕೆ ಲಕ್ಷಣ ಉಪಯೋಗ, ಎಂದರೆ ಜ್ಞಾನ-ದರ್ಶನರೂಪವಾದ ಚೈತನ್ಯ. ದೂರದರ್ಶಕ ಅರಸುವುದು ಒಂದು ಅನಿಲದ ಗುರುತನ್ನು. ಪದ ಒಂದೇ ಆದರೂ ಅಳತೆಗೋಲು ಬೇರೆ. ಇಂದು ಪ್ರಕಟವಾದ ಲೇಖನದಿಂದ ಆಗಮ ಸಿದ್ಧವಾಯಿತು ಎನ್ನುವವರು, ನಾಳೆ ಆ ಲೇಖನ ಹಿಂತೆಗೆಯಲ್ಪಟ್ಟರೆ ಆಗಮವೂ ಅಸಿದ್ಧವಾಯಿತು ಎನ್ನಲು ಸಿದ್ಧರಿದ್ದಾರೆಯೇ? ಬೇರೊಂದರ ಊರುಗೋಲಿನಲ್ಲಿ ನಿಂತ ಶ್ರದ್ಧೆ ಆ ಕೋಲು ಮುರಿದಾಗ ತಾನೂ ಬೀಳುತ್ತದೆ. ಸಮ್ಯಗ್ದರ್ಶನಕ್ಕೆ ಅಂಥ ಊರುಗೋಲು ಬೇಡ.

ಜೀವವನ್ನು ಅರಸುವ ಕ್ರಮ ಜೈನಪರಂಪರೆಗೆ ಹೊಸದಲ್ಲ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ಹದಿನಾಲ್ಕು ಮಾರ್ಗಣೆಗಳನ್ನು ವಿವರಿಸಿದ್ದಾರೆ, 14ನೆಯ ಶತಮಾನದಲ್ಲಿ ಕೇಶವವರ್ಣಿ ಆ ಗ್ರಂಥಕ್ಕೆ ಕನ್ನಡ ವೃತ್ತಿಯನ್ನು ರಚಿಸಿದ. ಮಾರ್ಗಣೆ ಎಂದರೆ ಅರಸುವಿಕೆ. ಗತಿ, ಇಂದ್ರಿಯ, ಕಾಯಗಳಿಂದ ಅದು ತೊಡಗುತ್ತದೆ, ಅಲ್ಲಿಗೇ ನಿಲ್ಲುವುದಿಲ್ಲ. ಕಷಾಯ, ಜ್ಞಾನ, ಸಂಯಮ, ಲೇಶ್ಯೆಗಳೂ ಆ ಹದಿನಾಲ್ಕರಲ್ಲಿ ಸೇರಿವೆ. ಜೀವ ಎಲ್ಲಿದೆ ಎಂದು ಕೇಳುವುದರ ಜೊತೆಗೇ ಆ ಜೀವದಲ್ಲಿ ಕ್ರೋಧವೆಷ್ಟು, ಲೋಭವೆಷ್ಟು, ಸಂಯಮವೆಷ್ಟು ಎಂದೂ ಕೇಳಬೇಕು. ಅರಸುವವನೂ ಜೀವವೇ ಆದುದರಿಂದ ಈ ಪ್ರಶ್ನೆಗಳು ಅವನತ್ತಲೂ ತಿರುಗುತ್ತವೆ.

ಹಾಗೆ ತಿರುಗಿದಾಗ ಮೋನೋ ಸರೋವರ ಬೇರೊಂದು ಕಥೆಯನ್ನು ಹೇಳುತ್ತದೆ. ಅದಕ್ಕೆ ನೀರುಣಿಸುತ್ತಿದ್ದ ಹೊಳೆಗಳನ್ನು ಲಾಸ್ ಏಂಜಲಿಸ್ ನಗರವು 1941ರಿಂದ ತನ್ನ ಕಡೆಗೆ ತಿರುಗಿಸಿಕೊಂಡಿತು. ನಾಲ್ಕು ದಶಕಗಳಲ್ಲಿ ನೀರಿನ ಮಟ್ಟ ಸುಮಾರು 45 ಅಡಿ ಇಳಿಯಿತು, ಉಪ್ಪಿನಂಶ ಇಮ್ಮಡಿಯಾಯಿತು. ಆ ನೀರಿನಲ್ಲಿ ಪಾಚಿ, ಅದನ್ನು ತಿನ್ನುವ ಕಿರುಸೀಗಡಿ ಮತ್ತು ನೊಣ, ಅವನ್ನು ನಂಬಿದ ಲಕ್ಷಾಂತರ ಹಕ್ಕಿಗಳು ಬದುಕುತ್ತವೆ. ಏಕೇಂದ್ರಿಯವಾದ ಪಾಚಿಯಿಂದ ಚತುರಿಂದ್ರಿಯವಾದ ನೊಣವನ್ನು ದಾಟಿ ಪಂಚೇಂದ್ರಿಯವಾದ ಹಕ್ಕಿಯವರೆಗೆ ಪರಸ್ಪರ ಉಪಕಾರದ ಒಂದು ಸರಪಳಿ ಅದು. 1979ರಲ್ಲಿ ನೀರು ಇಳಿದು ನೆಗಿಟ್ ದ್ವೀಪಕ್ಕೆ ನೆಲದ ದಾರಿ ತೆರೆಯಿತು. ನರಿಯನ್ನು ಹೋಲುವ ಕಯೋಟಿಗಳು ಅಲ್ಲಿಗೆ ನುಗ್ಗಿ, ಗಲ್ ಎಂಬ ಕಡಲಹಕ್ಕಿಗಳು ಗೂಡುಗಳನ್ನು ಬಿಟ್ಟು ಹೋದವು. ಮಟ್ಟವನ್ನು ಮತ್ತೆ ಏರಿಸಬೇಕೆಂದು ಕ್ಯಾಲಿಫೋರ್ನಿಯದ ಜಲಮಂಡಳಿ 1994ರಲ್ಲಿ ಆದೇಶಿಸಿತು. ಮೂರು ದಶಕಗಳು ಕಳೆದರೂ ಆ ಗುರಿ ಮುಟ್ಟಿಲ್ಲ. ಪರಲೋಕದ ಜೀವದ ಸುಳಿವಿಗಾಗಿ ಜಗತ್ತು ಕಣ್ಣಿಟ್ಟ ಸರೋವರದ ಸ್ವಂತ ಜೀವಗಳು ಹೀಗೆ ಮನುಷ್ಯನ ನೀರಡಿಕೆಯ ಕೆಳಗೆ ನಲುಗಿದ್ದವು.

ಇದರಿಂದ ದೂರದ ಶೋಧ ವ್ಯರ್ಥ ಎಂದಾಗುವುದಿಲ್ಲ. ಆ ಶೋಧದೊಳಗೂ ಅಹಿಂಸೆಗೆ ಎಡೆಯಿದೆ. 2017ರ ಸೆಪ್ಟೆಂಬರ್ 15ರಂದು ಕ್ಯಾಸಿನಿ ನೌಕೆಯನ್ನು ಶನಿಗ್ರಹದ ವಾಯುಮಂಡಲಕ್ಕೆ ಬೀಳಿಸಿ ಸುಡಲಾಯಿತು. ಇಂಧನ ಮುಗಿದ ನೌಕೆ ಟೈಟನ್ ಅಥವಾ ಎನ್ಸೆಲಡಸ್ ಉಪಗ್ರಹಕ್ಕೆ ಬಡಿದು, ಭೂಮಿಯಿಂದ ಹೋದ ಸೂಕ್ಷ್ಮಾಣುಗಳಿಂದ ಅವನ್ನು ಕೆಡಿಸಬಾರದು ಎಂಬುದು ಕಾರಣ. ಅಲ್ಲಿ ಜೀವವಿದೆಯೆಂದು ಯಾರೂ ಕಂಡಿರಲಿಲ್ಲ. ಇರಬಹುದಾದ ಜೀವಕ್ಕೆ ಕೊಟ್ಟ ಅಭಯ ಅದು.

ಮಡಿಸಿದ ಬಟ್ಟೆಯಲ್ಲಿ ನೀರು ಸೋಸಿ, ಬಟ್ಟೆಯಲ್ಲಿ ಉಳಿದದ್ದನ್ನು ಅದೇ ಬಾವಿಗೆ ಮರಳಿ ಬಿಡುವ ಶ್ರಾವಕನಿಗೆ ಈ ಅಭಯ ಅಪರಿಚಿತವಲ್ಲ. ಕಣ್ಣಿಗೆ ಕಾಣದ ಆ ಜೀವಗಳನ್ನು ಎಣಿಸಿ ನೋಡಿದ ಮೇಲೆ ದಯೆ ತೋರುವೆನೆಂದು ಅವನು ಕಾಯುವುದಿಲ್ಲ. ಅನ್ಯಗ್ರಹದಲ್ಲಿ ಜೀವವಿದೆಯೇ ಇಲ್ಲವೇ ಎಂಬುದನ್ನು ಕಾಲ ಹೇಳೀತು. ಅಲ್ಲಿಯವರೆಗೆ ನಾಲಿಗೆಗೆ ಸಂಯಮ ಸಾಕು. ಇಲ್ಲಿ ಇದೆಯೆಂದು ತಿಳಿದ ಜೀವದ ವಿಷಯದಲ್ಲಿ ಮಾತ್ರ ಕಾಯುವುದಕ್ಕೆ ಯಾವ ಕಾರಣವೂ ಇಲ್ಲ.