ಆಟ ಕಟ್ಟಿದವರು, ಆಮೇಲೆ

1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಅಟಾರಿ ಕಂಪನಿಯ ಆಟದ ಕಾರ್ಟ್ರಿಡ್ಜ್ ಕೊಂಡವರಿಗೆ ಪೆಟ್ಟಿಗೆಯ ಮೇಲೆ ಬಣ್ಣದ ಚಿತ್ರ ಕಾಣುತ್ತಿತ್ತು, ಕಂಪನಿಯ ಮುದ್ರೆ ಕಾಣುತ್ತಿತ್ತು. ಆಟ ಬರೆದವರ ಹೆಸರು ಎಲ್ಲಿಯೂ ಇರುತ್ತಿರಲಿಲ್ಲ. ಆ ಕಾಲದಲ್ಲಿ ಒಂದು ಆಟ ಅಂದರೆ ಬಹುಮಟ್ಟಿಗೆ ಒಬ್ಬರದೇ ಕೆಲಸ. ಕಲ್ಪನೆ ಅವರದು, ಚಿತ್ರ ಅವರದು, ಸದ್ದು ಅವರದು, ಪ್ರೋಗ್ರಾಮ್ ಅವರದು. ಲಕ್ಷಾಂತರ ಮನೆಗಳಿಗೆ ಹೋದ ಆ ಕೃತಿಗಳು ಕರ್ತೃವಿಲ್ಲದೆ ಹೋದವು. ಇದನ್ನು ಬರೀ ಸಂಬಳ-ಸೌಲಭ್ಯದ ತಕರಾರು ಎಂದು ಬದಿಗಿಡುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹೆಸರು ಮರೆಯಾದಾಗ ಆ ಕೆಲಸದ ಹಿಂದೆ ಯಾವ ಬಗೆಯ ಬುದ್ಧಿ ಇತ್ತು ಎಂಬ ಪ್ರಶ್ನೆಯೂ ಮರೆಯಾಯಿತು. ಮಕ್ಕಳಾಟಿಕೆ ಮಾಡಿ ದುಡ್ಡು ಗಳಿಸಿದ ಹುಡುಗರು ಎಂಬ ಚಿತ್ರವೊಂದೇ ಉಳಿಯಿತು. ಆ ಚಿತ್ರ ಎಷ್ಟು ತಪ್ಪು ಎಂಬುದು ಗೊತ್ತಾಗಬೇಕಾದರೆ ಅವರು ಮುಂದೆ ಏನಾದರು ಎಂದು ನೋಡಬೇಕು.

ಮೊದಲು ಆ ಯಂತ್ರದ ಬಗ್ಗೆ ಸ್ವಲ್ಪ. 1977ರಲ್ಲಿ ಮಾರುಕಟ್ಟೆಗೆ ಬಂದ ಅಟಾರಿ ವಿಸಿಎಸ್, ಮುಂದೆ 2600 ಎಂದು ಹೆಸರಾದದ್ದು, ಹೊಂದಿದ್ದ ನೆನಪಿನ ಶಕ್ತಿ 128 ಬೈಟ್. ಇವತ್ತಿನ ಫೋನಿನಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೆ ಸಾಮಾನ್ಯವಾಗಿ ಮೂರು ಬೈಟ್ ಬೇಕು. ಅಂಥ 42 ಚಿಹ್ನೆ ಸೇರಿದರೆ ಆ ಯಂತ್ರ ತುಂಬಿಹೋಗುತ್ತದೆ. ಪರದೆಯ ಮೇಲಿನ ಇಡೀ ಚಿತ್ರವನ್ನು ಇಟ್ಟುಕೊಳ್ಳಲು ಅದರಲ್ಲಿ ಜಾಗವೇ ಇರಲಿಲ್ಲ. ಟಿವಿ ಒಂದೊಂದೇ ಗೆರೆ ಎಳೆಯುತ್ತಾ ಬರುತ್ತದೆ, ಒಂದು ಗೆರೆಗೆ ಸೆಕೆಂಡಿನ ಹದಿನೈದು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಸಮಯ. ಅಷ್ಟರಲ್ಲಿ ಪ್ರೊಸೆಸರಿಗೆ ಸಿಗುವುದು 76 ಮಿಡಿತ. ಇದು ಮಗ್ಗದ ಕೆಲಸದಂತೆ: ಲಾಳಿ ಒಂದು ಸಲ ಹಾಯುವಷ್ಟರಲ್ಲಿ ಮುಂದಿನ ಎಳೆಯ ಬಣ್ಣ ಯಾವುದೆಂದು ನೇಕಾರ ತೀರ್ಮಾನಿಸಿರಬೇಕು, ತಪ್ಪಿದರೆ ಬಟ್ಟೆ ಕೆಟ್ಟಿತು. ಹೀಗೆ ನೇಯುತ್ತಲೇ ಚೆಂಡು ಗೋಡೆಗೆ ತಾಗಿತೆ, ಆಟಗಾರ ಸತ್ತನೆ, ಅಂಕ ಎಷ್ಟಾಯಿತು ಎಂಬ ಲೆಕ್ಕವನ್ನೂ ಇಡಬೇಕು.

ವಾರೆನ್ ರಾಬಿನೆಟ್ ಈ ಇಕ್ಕಟ್ಟಿನೊಳಗೆ 'ಅಡ್ವೆಂಚರ್' ಬರೆದರು. ಕೋಟೆಗಳು, ಡ್ರ್ಯಾಗನ್‌ಗಳು, ಬೀಗದ ಕೈಗಳು, ಒಂದು ಪರದೆಯಿಂದ ಇನ್ನೊಂದು ಪರದೆಗೆ ಹಾಯುವ ಜಗತ್ತು, ಎಲ್ಲ ಸೇರಿ ನಾಲ್ಕು ಕಿಲೋಬೈಟ್. ಆಟದ ಸುಮಾರು ಹತ್ತು ಲಕ್ಷ ಪ್ರತಿ ಮಾರಾಟವಾದವು. ಅವರ ಸಂಬಳ ವರ್ಷಕ್ಕೆ ಸುಮಾರು 22,000 ಡಾಲರ್. ರಾಬಿನೆಟ್ ಯಾರಿಗೂ ಹೇಳದೆ ಆಟದೊಳಗೆ ಒಂದು ಗುಟ್ಟಿನ ಕೋಣೆ ಕಟ್ಟಿದ್ದರು. ಹಿನ್ನೆಲೆಯ ಬಣ್ಣದಲ್ಲೇ ಬೆರೆತ, ಒಂದೇ ಚುಕ್ಕೆಯಷ್ಟಿರುವ ವಸ್ತುವನ್ನು ಹುಡುಕಿ ಸರಿಯಾದ ಜಾಗಕ್ಕೆ ಒಯ್ದರೆ ಗೋಡೆ ದಾರಿ ಬಿಡುತ್ತದೆ. ಒಳಗೆ ಹೋದರೆ, ಇದನ್ನು ರಚಿಸಿದವನು ವಾರೆನ್ ರಾಬಿನೆಟ್ ಎಂಬ ಸಾಲು ಬಣ್ಣ ಬದಲಿಸುತ್ತಾ ಹೊಳೆಯುತ್ತದೆ. ಒಬ್ಬ ಹುಡುಗ ಅದನ್ನು ಕಂಡುಹಿಡಿದು ಕಂಪನಿಗೆ ಪತ್ರ ಬರೆಯುವ ಹೊತ್ತಿಗೆ ರಾಬಿನೆಟ್ ಕೆಲಸ ಬಿಟ್ಟಾಗಿತ್ತು. ನಮ್ಮ ದೇವಾಲಯಗಳಲ್ಲಿ ಹೊಯ್ಸಳ ಶಿಲ್ಪಿಗಳು ವಿಗ್ರಹದ ಪೀಠದಲ್ಲಿ ತಮ್ಮ ಹೆಸರು ಕೆತ್ತಿದ್ದನ್ನು ಕಂಡವರಿಗೆ ಈ ಹಂಬಲ ಹೊಸದೇನೂ ಅಲ್ಲ. ಆ ಶಿಲ್ಪಿಗಳಲ್ಲೊಬ್ಬನಾದ ಮಲ್ಲಿತಮ್ಮ ಹಾಡುಹಗಲೇ ಕೆತ್ತಬಹುದಾಗಿದ್ದ ಹೆಸರನ್ನು ರಾಬಿನೆಟ್ ಬಚ್ಚಿಡಬೇಕಾಯಿತು.

ನನಗೆ ಇದಕ್ಕಿಂತ ಹೆಚ್ಚು ಮುಖ್ಯವೆನಿಸುವುದು ಆಮೇಲಿನ ಕಥೆ. ರಾಬಿನೆಟ್ 1980ರಲ್ಲಿ ಇತರರ ಜೊತೆ ಸೇರಿ ಮಕ್ಕಳ ಕಲಿಕೆಯ ಸಾಫ್ಟ್‌ವೇರ್‌ಗಾಗಿ 'ದಿ ಲರ್ನಿಂಗ್ ಕಂಪನಿ' ಕಟ್ಟಿದರು. 1982ರಲ್ಲಿ ಬಂದ 'ರಾಕೀಸ್ ಬೂಟ್ಸ್' ಎಂಬ ಆಟದಲ್ಲಿ ಮಕ್ಕಳು ತಾರ್ಕಿಕ ಗೇಟುಗಳನ್ನು ಎತ್ತಿ ಜೋಡಿಸಿ ತಾವೇ ಸರ್ಕ್ಯೂಟ್ ಕಟ್ಟುತ್ತಿದ್ದರು. ವಿದ್ಯುತ್ತು ಕಿತ್ತಳೆ ಬಣ್ಣವಾಗಿ ತಂತಿಯಲ್ಲಿ ಹರಿಯುವುದು ಕಣ್ಣಿಗೇ ಕಾಣುತ್ತಿತ್ತು. ಆಮೇಲೆ ನಾಸಾದ ಏಮ್ಸ್ ಕೇಂದ್ರದಲ್ಲಿ ವರ್ಚುವಲ್ ರಿಯಾಲಿಟಿಯ ಆರಂಭದ ಕೆಲಸ. ಅದಾದ ಮೇಲೆ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ನ್ಯಾನೋಮ್ಯಾನಿಪ್ಯುಲೇಟರ್ ಎಂಬ ಸಾಧನದ ಕೆಲಸ: ಸೂಕ್ಷ್ಮದರ್ಶಕಕ್ಕೆ ಕೈಹಿಡಿಯೊಂದನ್ನು ಜೋಡಿಸಿ, ಅಣುಗಾತ್ರದ ಮೇಲ್ಮೈಯ ಉಬ್ಬುತಗ್ಗುಗಳು ವಿಜ್ಞಾನಿಯ ಕೈಗೆ ತಾಗುವಂತೆ ಮಾಡಿದ್ದು. ಕಾಣದ ಜಗತ್ತನ್ನು ಜನ ಒಳಹೊಕ್ಕು ಓಡಾಡುವಂತೆ ಮಾಡುವ ಹಟ ಕೋಟೆ-ಡ್ರ್ಯಾಗನ್‌ಗಳಲ್ಲಿಯೇ ಇತ್ತು. ಅದನ್ನು ಅಂದು ಆಟಿಕೆ ಎಂದು ಓದಿದವರು ಅರ್ಧವನ್ನಷ್ಟೇ ಓದಿದ್ದರು.

ಅಟಾರಿಯ ಮುಖ್ಯಸ್ಥರಾಗಿದ್ದ ರೇ ಕಸ್ಸಾರ್ ಜವಳಿ ಉದ್ಯಮದಿಂದ ಬಂದವರು. ತಾವು ಬರೆದ ಆಟಗಳು ಕೋಟ್ಯಂತರ ಡಾಲರ್ ತಂದದ್ದನ್ನು ಲೆಕ್ಕ ಹಾಕಿಕೊಂಡು ನಾಲ್ವರು ಪ್ರೋಗ್ರಾಮರ್‌ಗಳು ಅವರ ಬಳಿ ಹೋದಾಗ, ಕಾರ್ಟ್ರಿಡ್ಜ್ ಜೋಡಿಸುವ ಕೆಲಸಗಾರರಿಗಿಂತ ನೀವು ಹೆಚ್ಚಿನವರಲ್ಲ ಎಂಬರ್ಥದ ಉತ್ತರ ಬಂತೆಂದು ಆ ನಾಲ್ವರಲ್ಲೊಬ್ಬರಾದ ಡೇವಿಡ್ ಕ್ರೇನ್ ನೆನೆದಿದ್ದಾರೆ. ಜೋಡಿಸುವವರ ಶ್ರಮಕ್ಕೂ ಮರ್ಯಾದೆ ಸಲ್ಲಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಉತ್ತರ ಅವರಿಗೂ ಮರ್ಯಾದೆ ಕೊಡಲಿಲ್ಲ. ನಾಲ್ವರೂ ಹೊರಬಂದು 1979ರಲ್ಲಿ ಆ್ಯಕ್ಟಿವಿಷನ್ ಆರಂಭಿಸಿದರು. ಅಲ್ಲಿ ಆಟದ ಜೊತೆ ಬರುವ ಕೈಪಿಡಿಯಲ್ಲಿ ಕರ್ತೃವಿನ ಹೆಸರೂ ಇತ್ತು, ಭಾವಚಿತ್ರವೂ ಇತ್ತು.

ಆ್ಯಕ್ಟಿವಿಷನ್‌ಗೆ ಆಮೇಲೆ ಬಂದವರು ಕ್ಯಾರಲ್ ಶಾ. ಬರ್ಕ್ಲಿಯಲ್ಲಿ ಓದಿದ ಇವರು 1978ರಲ್ಲಿ ಅಟಾರಿ ಸೇರಿದ್ದರು. ವಿಡಿಯೋ ಗೇಮ್ ಬರೆಯುವುದನ್ನೇ ವೃತ್ತಿಯಾಗಿಸಿಕೊಂಡ ಮೊದಲ ಹೆಣ್ಣುಮಕ್ಕಳಲ್ಲಿ ಒಬ್ಬರು. 1982ರ 'ರಿವರ್ ರೈಡ್' ಅವರದು. ಬಳುಕುತ್ತಾ ಸಾಗುವ ಆ ನದಿಯ ನಕಾಶೆಯನ್ನು ನಾಲ್ಕು ಕಿಲೋಬೈಟಿನಲ್ಲಿ ತುಂಬಿಡಲು ಸಾಧ್ಯವಿರಲಿಲ್ಲ. ಶಾ ನಕಾಶೆ ಇಡಲೇ ಇಲ್ಲ. ಯಾದೃಚ್ಛಿಕದಂತೆ ಕಾಣುವ, ಆದರೆ ಪ್ರತಿಸಲ ಒಂದೇ ಕ್ರಮದಲ್ಲಿ ಬರುವ ಸಂಖ್ಯೆಗಳ ಸೂತ್ರವೊಂದನ್ನು ಬರೆದರು. ನದಿ ಆ ಸೂತ್ರದಿಂದ ಹುಟ್ಟುತ್ತಾ ಹೋಯಿತು. ನೀವು ನೂರು ಸಲ ಆಡಿದರೂ ಅದೇ ತಿರುವಿನಲ್ಲಿ ಅದೇ ದಡ. ಗಣಿತದ ಇಂಥ ಮಿತವ್ಯಯವನ್ನು ಕಂಡಾಗ ನನಗೆ ಪಿಂಗಳನ ಛಂದಶ್ಶಾಸ್ತ್ರದ ಪ್ರಸ್ತಾರ ನೆನಪಾಗುತ್ತದೆ. ಎಲ್ಲ ವೃತ್ತಗಳನ್ನು ಪಟ್ಟಿಮಾಡಿ ಉಳಿಸುವ ಬದಲು ಅವು ಹುಟ್ಟುವ ಕ್ರಮವನ್ನು ಹೇಳಿಬಿಡುವ ಬಗೆ ಅದು. 1984ರಲ್ಲಿ ಶಾ ಆಟದ ಲೋಕ ಬಿಟ್ಟು, ಮೊದಲೊಮ್ಮೆ ದುಡಿದಿದ್ದ ಟ್ಯಾಂಡಮ್ ಕಂಪ್ಯೂಟರ್ಸ್‌ಗೆ ಮರಳಿದರು. ಒಂದು ಭಾಗ ಕೆಟ್ಟರೂ ನಿಲ್ಲದೆ ನಡೆಯುವ ಕಂಪ್ಯೂಟರ್‌ಗಳಿಗೆ ಹೆಸರಾದ ಕಂಪನಿ ಅದು. ಬ್ಯಾಂಕುಗಳು, ಷೇರುಪೇಟೆಗಳು ಅದರ ಗಿರಾಕಿಗಳು. 1990ರಲ್ಲಿ ನಿವೃತ್ತಿ. ಮುಂದೆ ತಮ್ಮ ಬಳಿಯಿದ್ದ ಆಟಗಳು, ದಾಖಲೆಗಳನ್ನು ರಾಚೆಸ್ಟರ್‌ನ ಸ್ಟ್ರಾಂಗ್ ಮ್ಯೂಸಿಯಂಗೆ ಕೊಟ್ಟರು. 2017ರಲ್ಲಿ ಉದ್ಯಮ ಅವರನ್ನು ಸನ್ಮಾನಿಸಿತು. ಮೂವತ್ತೈದು ವರ್ಷ ತಡವಾಗಿ.

ಹೊವರ್ಡ್ ಸ್ಕಾಟ್ ವಾರ್ಶಾ ಅವರದು ಬೇರೆಯೇ ಹಾದಿ. 'ಯಾರ್ಸ್ ರಿವೆಂಜ್' ಬರೆದು ಹೆಸರಾದ ಮೇಲೆ, 1982ರ ಜುಲೈ ಕೊನೆಗೆ, 'ಇ.ಟಿ.' ಸಿನಿಮಾವನ್ನು ಆಟವಾಗಿಸುವ ಕೆಲಸ ಬಂತು. ಕ್ರಿಸ್‌ಮಸ್ ಮಾರಾಟಕ್ಕೆ ಸರಕು ಸಿದ್ಧವಾಗಬೇಕಿತ್ತು. ಆಟ ಬರೆಯಲು ಉಳಿದದ್ದು ಐದು ವಾರ. ಆಗ ಒಂದು ಆಟಕ್ಕೆ ಐದಾರು ತಿಂಗಳು ಹಿಡಿಯುತ್ತಿತ್ತು. ಕಂಪನಿ ನಲವತ್ತು ಲಕ್ಷದಷ್ಟು ಕಾರ್ಟ್ರಿಡ್ಜ್ ಮಾಡಿಸಿತು, ಅವುಗಳಲ್ಲಿ ಲಕ್ಷಾಂತರ ಮಾರಾಟವಾಗದೆ ಉಳಿದವು. 1983ರಲ್ಲಿ ಅಟಾರಿಯ ನಷ್ಟ 53.6 ಕೋಟಿ ಡಾಲರ್. ಮಾರದೆ ಉಳಿದ ಸರಕನ್ನು ನ್ಯೂಮೆಕ್ಸಿಕೋದ ಅಲಮಗೋರ್ಡೋ ಊರಿನ ಕಸದ ಗುಂಡಿಯಲ್ಲಿ ಹೂತರು. ಮಿತಿಮೀರಿದ ಉತ್ಪಾದನೆ, ಅಂಗಡಿಗಳಿಂದ ವಾಪಸು ಬಂದ ಸರಕು, ಗುಣಮಟ್ಟವಿಲ್ಲದ ನೂರಾರು ಆಟಗಳ ಪ್ರವಾಹ, ಅಗ್ಗವಾಗುತ್ತಿದ್ದ ಮನೆ ಕಂಪ್ಯೂಟರ್, ಇಷ್ಟೆಲ್ಲ ಕಾರಣಗಳಿದ್ದರೂ ಜನರ ಬಾಯಲ್ಲಿ ಇಡೀ ಉದ್ಯಮವನ್ನು ಮುಳುಗಿಸಿದವರು ವಾರ್ಶಾ ಎಂದಾಯಿತು. ಹೆಸರು ಹಾಕಬೇಕಾದಾಗ ಹಾಕದ ಲೋಕ, ಆರೋಪಿ ಬೇಕಾದಾಗ ಮಾತ್ರ ಹೆಸರನ್ನು ತಪ್ಪದೆ ಹುಡುಕಿಕೊಂಡಿತು. ಇದು ನನಗೆ ಇಂದಿಗೂ ಅನ್ಯಾಯವಾಗಿ ಕಾಣುತ್ತದೆ.

ಅಟಾರಿ ಬಿಟ್ಟ ವಾರ್ಶಾ ಮನೆ-ನಿವೇಶನ ಮಾರಾಟದ ಕೆಲಸ ಮಾಡಿದರು, ವಿಡಿಯೋ ಮಾಡಿದರು, ಹಳೆಯ ಸಹೋದ್ಯೋಗಿಗಳನ್ನು ಮಾತನಾಡಿಸಿ ಸಾಕ್ಷ್ಯಚಿತ್ರ ತೆಗೆದರು. ಕೊನೆಗೆ ಓದಿ, ಪರವಾನಗಿ ಪಡೆದು, ಮನೋಚಿಕಿತ್ಸಕರಾದರು. ಸಿಲಿಕಾನ್ ವ್ಯಾಲಿಯ ತಂತ್ರಜ್ಞರೇ ಅವರ ಬಳಿ ಬರುವವರು. ಗಡುವಿನ ಕೆಳಗೆ ನಜ್ಜಾದ ಮನಸ್ಸು ಹೇಗಿರುತ್ತದೆ ಎಂದು ಅವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 2014ರ ಏಪ್ರಿಲ್‌ನಲ್ಲಿ ಅಲಮಗೋರ್ಡೋದ ಗುಂಡಿಯನ್ನು ಅಗೆದಾಗ ವಾರ್ಶಾ ಅಲ್ಲಿ ನಿಂತಿದ್ದರು. ಮೂವತ್ತು ವರ್ಷ ಮಣ್ಣಲ್ಲಿದ್ದ ತಮ್ಮ ಆಟ ಹೊರಬಂದದ್ದನ್ನು ಕಂಡು, ಸುತ್ತ ಸೇರಿದ್ದ ಜನರ ಉತ್ಸಾಹವನ್ನು ಕಂಡು ಅವರ ಗಂಟಲು ಕಟ್ಟಿತು.

ಎಲ್ಲರ ಹಾದಿಯನ್ನೂ ಇಲ್ಲಿ ಹಿಡಿಯಲಾಗದು. 'ವಾರ್ಲಾರ್ಡ್ಸ್' ಬರೆದ ಕಾರ್ಲಾ ಮೆನಿನ್‌ಸ್ಕಿ ವಕೀಲೆಯಾದರು. ವಿಸಿಎಸ್‌ನ ಚಿತ್ರ ಬಿಡಿಸುವ ಚಿಪ್‌ನ ಹಿಂದಿದ್ದ ಜೇ ಮೈನರ್ ಅಮಿಗಾ ಕಂಪ್ಯೂಟರಿನ ಜನಕರಾದರು, ಕೊನೆಯ ವರ್ಷಗಳಲ್ಲಿ ದೇಹದೊಳಗೆ ಅಳವಡಿಸುವ ಹೃದಯದ ಸಾಧನಗಳ ಚಿಪ್ ಕೆಲಸ ಮಾಡಿದರು. ಪರದೆಯ ಗೆರೆಯ ಜೊತೆ ಲಯ ತಪ್ಪದೆ ಓಡುವ ಚಿಪ್ ಮಾಡಿದವರ ಕೈ ಎದೆಬಡಿತದ ಲಯದ ಬಳಿಗೆ ಹೋದದ್ದು ನನಗೆ ಆಕಸ್ಮಿಕ ಅನ್ನಿಸುವುದಿಲ್ಲ.

ಇವರಂತೆಯೇ ತಡವಾಗಿ ಜಗತ್ತಿಗೆ ಗೊತ್ತಾದವರು ಜೆರಿ ಲಾಸನ್. ನ್ಯೂಯಾರ್ಕಿನಲ್ಲಿ ಬೆಳೆದ ಕಪ್ಪು ಜನಾಂಗದ ಹುಡುಗ. ಹ್ಯಾಮ್ ರೇಡಿಯೋ ಹುಚ್ಚು, ನೆರೆಹೊರೆಯ ಟಿವಿ ರಿಪೇರಿ. ಫೇರ್‌ಚೈಲ್ಡ್ ಕಂಪನಿಯಲ್ಲಿ ಇಂಜಿನಿಯರ್ ಆಗಿ, 1976ರಲ್ಲಿ ಮಾರುಕಟ್ಟೆಗೆ ಬಂದ 'ಚಾನೆಲ್ ಎಫ್' ತಂಡವನ್ನು ನಡೆಸಿದರು. ಆಟವನ್ನು ಯಂತ್ರದಿಂದ ಬಿಡಿಸಿ ಕಾರ್ಟ್ರಿಡ್ಜ್‌ನಲ್ಲಿಟ್ಟು ಮಾರಿದ ಮೊದಲ ಮೈಕ್ರೋಪ್ರೊಸೆಸರ್ ಕನ್ಸೋಲ್ ಅದು. ಮಕ್ಕಳು ದಿನವೂ ಸಿಕ್ಕಿಸಿ ಕೀಳುವ ವಸ್ತು ಬಾಳಿಕೆ ಬರಬೇಕು, ಕೈಯ ಸ್ಥಾಯಿ ವಿದ್ಯುತ್ತಿಗೆ ಸುಟ್ಟುಹೋಗಬಾರದು. ಮಾರುಕಟ್ಟೆಗೆ ತರುವ ಮಟ್ಟದಲ್ಲಿ ಇದನ್ನು ಅದುವರೆಗೆ ಯಾರೂ ಮಾಡಿರಲಿಲ್ಲ. ಮರುವರ್ಷವೇ ಬಂದ ಅಟಾರಿಯ ಯಂತ್ರ ಮಾರುಕಟ್ಟೆ ಗೆದ್ದಿತು, ಚಾನೆಲ್ ಎಫ್ ಹಿಂದೆ ಬಿತ್ತು. ಲಾಸನ್ 'ವಿಡಿಯೋಸಾಫ್ಟ್' ಎಂಬ ಸ್ವಂತ ಕಂಪನಿ ತೆರೆದರು. ಅದು ಹೊರತಂದ ಒಂದು ಕಾರ್ಟ್ರಿಡ್ಜ್ ಆಟವೇ ಅಲ್ಲ, ಟಿವಿಯ ಬಣ್ಣ ಸರಿಪಡಿಸಿಕೊಳ್ಳುವ ಪಟ್ಟೆಗಳ ಸಾಧನ! ರಿಪೇರಿಯ ಹುಡುಗ ಅವರೊಳಗೆ ಹಾಗೆಯೇ ಇದ್ದ. ಸಕ್ಕರೆ ಕಾಯಿಲೆ ಒಂದು ಕಾಲಿನ ಬಲವನ್ನು, ಒಂದು ಕಣ್ಣಿನ ದೃಷ್ಟಿಯನ್ನು ಕಸಿದುಕೊಂಡಿತು. 2011ರ ಮಾರ್ಚ್‌ನಲ್ಲಿ ಆಟ ನಿರ್ಮಾಪಕರ ಅಂತರರಾಷ್ಟ್ರೀಯ ಸಂಘ ಅವರನ್ನು ಗೌರವಿಸಿತು. ಏಪ್ರಿಲ್ 9ರಂದು ಅವರು ತೀರಿಕೊಂಡರು. ಹತ್ತು ವರ್ಷದ ನಂತರ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆಟ ನಿರ್ಮಾಣ ಕಲಿಯುವ ಕಪ್ಪು ಮತ್ತು ಮೂಲನಿವಾಸಿ ವಿದ್ಯಾರ್ಥಿಗಳಿಗಾಗಿ ಅವರ ಹೆಸರಿನ ನಿಧಿ ಬಂತು.

1990ರ ದಶಕದಲ್ಲಿ ನಮ್ಮ ಊರುಗಳಲ್ಲಿ ಬೆಳೆದವರಿಗೆ ಕಾರ್ಟ್ರಿಡ್ಜ್ ಅಂದರೆ 'ಕ್ಯಾಸೆಟ್'. ಒಂದೇ ಕ್ಯಾಸೆಟ್‌ನಲ್ಲಿ ನೂರಾರು ಆಟ ಎಂದು ಬರೆದ ಆ ಅಗ್ಗದ ಯಂತ್ರಗಳು ಬಹುಪಾಲು ಜಪಾನಿನ ಫ್ಯಾಮಿಕಾಮ್‌ನ ನಕಲುಗಳು. ಮೂಲ ಫ್ಯಾಮಿಕಾಮ್ ರೂಪಿಸಿದವರು ನಿಂಟೆಂಡೋದ ಮಸಾಯುಕಿ ಉಎಮುರಾ. ಅದು 1983ರ ಜುಲೈನಲ್ಲಿ, ಅಮೆರಿಕದ ಉದ್ಯಮ ಕುಸಿಯುತ್ತಿದ್ದ ಹೊತ್ತಿನಲ್ಲೇ ಬಂದದ್ದು. ಬೇಸಿಗೆ ರಜೆಯಲ್ಲಿ ಕರ್ನಾಟಕದ ಅದೆಷ್ಟೋ ಮಕ್ಕಳು ಬೆರಳು ನೋಯುವಷ್ಟು ಆಡಿದ್ದು ಅವರ ಯಂತ್ರದ ನೆರಳಿನಲ್ಲಿ. ನಿಂಟೆಂಡೋದಿಂದ 2004ರಲ್ಲಿ ನಿವೃತ್ತರಾದ ಉಎಮುರಾ ಕ್ಯೋಟೋದ ರಿತ್ಸುಮೇಕನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು, ಅಲ್ಲಿನ ಗೇಮ್ ಅಧ್ಯಯನ ಕೇಂದ್ರವನ್ನು ಮುನ್ನಡೆಸಿದರು. 2021ರ ಡಿಸೆಂಬರ್ 6ರಂದು ತೀರಿಕೊಂಡರು. ತಾನೇ ಮಾಡಿದ ವಸ್ತುವನ್ನು ಅಧ್ಯಯನದ ವಿಷಯವಾಗಿ ಮುಂದಿನ ಪೀಳಿಗೆಯ ಮುಂದಿಡುವ ಅವಕಾಶ ಈ ಕಸುಬಿನಲ್ಲಿ ಕೆಲವರಿಗಷ್ಟೇ ಸಿಕ್ಕಿತು. ಬೆಂಗಳೂರಿನಲ್ಲಿ ನಲವತ್ತು ವರ್ಷಗಳಿಂದ ಚಿಪ್ ರೂಪಿಸುತ್ತಾ, ಪ್ರೋಗ್ರಾಮ್ ಬರೆಯುತ್ತಾ ಬಂದವರ ನೆನಪುಗಳನ್ನೂ ಯಾವುದಾದರೂ ವಿಶ್ವವಿದ್ಯಾಲಯ ಹೀಗೆ ಕೂರಿಸಿ ಕೇಳಿಸಿಕೊಳ್ಳಬೇಕೆಂದು ನಾನು ಬಯಸುತ್ತೇನೆ. ಅವರಲ್ಲಿ ಮೊದಲ ತಲೆಮಾರಿನವರು ಈಗ ನಿವೃತ್ತರಾಗುತ್ತಿದ್ದಾರೆ.

ಡೇವಿಡ್ ಕ್ರೇನ್ ಮಾತ್ರ ಹಳೆಯ ಮಗ್ಗಕ್ಕೇ ಮರಳಿದರು. 'ಪಿಟ್‌ಫಾಲ್' ಎಂಬ ಹೆಸರಾಂತ ಆಟದ ಕರ್ತೃವಾದ ಅವರು, ಅರವತ್ತೈದು ದಾಟಿದ ಮೇಲೆ, ಹಳೆಯ ಒಡನಾಡಿಗಳಾದ ಕಿಚನ್ ಸಹೋದರರ ಜೊತೆ ಸೇರಿ ಆಡಾಸಿಟಿ ಗೇಮ್ಸ್ ಎಂಬ ಪುಟ್ಟ ಕಂಪನಿ ಕಟ್ಟಿದರು. 2021ರಲ್ಲಿ ಅವರ 'ಸರ್ಕಸ್ ಕಾನ್ವಾಯ್' ಹೊರಬಂತು. ಅದೇ ಅಟಾರಿ 2600ಕ್ಕೆ, ಕಾರ್ಟ್ರಿಡ್ಜ್‌ನಲ್ಲಿಯೇ ಬಂದ ಹೊಸ ಆಟ ಅದು.